ವಸೂಲಿಗೆ ಬಂದವರ ಜೊತೆ ಕಾಗದದಲ್ಲಿ ಮಾತಾಡಿದೆ

ಮೊದಲೇ ಹೇಳಿಬಿಡುತ್ತೇನೆ, ಇದು ಸಾಲ ಮುಳುಗಿಸುವ ಉಪಾಯ ಅಲ್ಲ. ನಾನು ಮಾಡಿದ ಸಾಲ ನಾನೇ ತೀರಿಸಿದ್ದೇನೆ. ನಡುವೆ ಕೆಲವು ತಿಂಗಳು ಕಂತು ಕಟ್ಟಲು ಆಗಲಿಲ್ಲ. ಆಗ ವಸೂಲಿಗೆ ಬಂದವರನ್ನು ಹೇಗೆ ಎದುರಿಸಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಅಂಗಡಿಗೆ ಬರುವ ಗಿರಾಕಿಗಳು "ನಿಮ್ಮನ್ನ ಹ್ಯಾಂಗ್ ಬಿಟ್ರು ಅವ್ರು?" ಅಂತ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಕೂತು ಹೇಳುವಷ್ಟು ಪುರಸೊತ್ತು ನನಗೂ ಇಲ್ಲ, ಅವರಿಗೂ ಇಲ್ಲ.

ಕಲಬುರಗಿಯ ಗಂಜ್ ಹತ್ತಿರ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ, ದಾಲ್ ಮಿಲ್ಲಿನ ಮೋಟಾರು, ಸುಟ್ಟು ಬಂದದ್ದೆಲ್ಲ ಸುತ್ತಿ ಕೊಡುತ್ತೇನೆ. ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆಯ ರೈತರೇ ಜಾಸ್ತಿ. ಅವರ ಲೆಕ್ಕವೆಲ್ಲ ತೊಗರಿ ಮೇಲೆ. "ರಾಶಿ ಆದ್ಮ್ಯಾಲ ಕೊಡ್ತೀನಿ" ಅನ್ನುತ್ತಾರೆ, ಕೊಡುತ್ತಾರೆ ಕೂಡ. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ರಾಶಿಯೇ ಆಗಲಿಲ್ಲ. ಅವರ ಬಾಕಿ ನನ್ನ ಪುಸ್ತಕದಲ್ಲೇ ಉಳಿಯಿತು. ಹೊಸ ವೈಂಡಿಂಗ್ ಮಷೀನಿಗೆ ಮತ್ತು ತಾಮ್ರದ ತಂತಿಗೆ ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ ಬಿಸಿನೆಸ್ ಲೋನ್ ತೆಗೆದಿದ್ದೆ. ಅಡಮಾನ ಏನೂ ಇಟ್ಟಿರಲಿಲ್ಲ. ಹೆಂಡತಿಯ ಹೆಸರಲ್ಲಿ ಗುಂಪಿನ ಸಾಲ ಬೇರೆ ಇತ್ತು. ಎರಡರ ಕಂತೂ ಒಂದೇ ಸಮಯಕ್ಕೆ ತಪ್ಪಿತು.

ಶುರುವಿನಲ್ಲಿ ಕಂಪನಿಯವರೇ ಫೋನ್ ಮಾಡುತ್ತಿದ್ದರು, ಮರ್ಯಾದೆಯಿಂದಲೇ. ಎರಡನೇ ಕಂತು ತಪ್ಪಿದ ಮೇಲೆ ದನಿ ಬದಲಾಯಿತು. ದಿನಕ್ಕೊಂದು ನಂಬರು. ಬೆಳಗ್ಗೆ ಹಲ್ಲುಜ್ಜುವಾಗ ಒಂದು ಕರೆ, ರಾತ್ರಿ ಊಟಕ್ಕೆ ಕೂತಾಗ ಒಂದು ಕರೆ. ಹೆಸರು ಕೇಳಿದರೆ ಹೇಳುವುದಿಲ್ಲ. "ಹೆಡ್ ಆಫೀಸಿಂದ ಮಾತಾಡ್ತಾ ಇದೀನಿ" ಅಷ್ಟೇ.

ಈ ಕೆಲಸದಲ್ಲಿ ಎಲ್ಲಾ ಜೋರೂ ಬಾಯಿಮಾತಿನಲ್ಲೇ ಇರುತ್ತದೆ. ಫೋನಿನಲ್ಲಿ ಏನು ಬೇಕಾದರೂ ಅನ್ನಬಹುದು, ನಾಳೆ "ನಾನು ಹಾಗೆ ಹೇಳೇ ಇಲ್ಲ" ಅನ್ನಬಹುದು. ಅದೇ ಮಾತನ್ನು ಬರೆದು ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಹಾಗಾಗಿ ಏನೇ ಆದರೂ ಕಾಗದಕ್ಕೆ ಇಳಿಸುವುದು ಅಂತ ತೀರ್ಮಾನ ಮಾಡಿದೆ. ಅಂಗಡಿಯ ಬಾಕಿ ಪುಸ್ತಕದ ಪಕ್ಕದಲ್ಲೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ತಾರೀಖು, ಹೊತ್ತು, ಯಾವ ನಂಬರು, ಯಾರು ಅಂದರು, ಏನಂದರು. ಬೈದರೆ ಬೈದ ಮಾತನ್ನೇ ಬರೆದೆ, ನಯ ಮಾಡಲಿಲ್ಲ. ಫೋನಿನಲ್ಲಿ ಕಾಲ್ ರೆಕಾರ್ಡಿಂಗ್ ಹಾಕಿಟ್ಟೆ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದು ಮಗಳ ಈಮೇಲಿಗೆ ಕಳಿಸಿಡುತ್ತಿದ್ದೆ, ನನ್ನ ಫೋನ್ ಬಿದ್ದು ಒಡೆದರೂ ಇರಲಿ ಅಂತ.

ಹೊತ್ತು ಬರೆದಿಡುವುದು ಯಾಕೆ ಅಂದರೆ, ಅದಕ್ಕೆ ನಿಯಮವಿದೆ. 2022ರ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಬ್ಯಾಂಕು ಇರಲಿ, ಫೈನಾನ್ಸ್ ಕಂಪನಿ ಇರಲಿ, ಅವರ ಏಜೆಂಟರೇ ಇರಲಿ, ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೇಲಿಂದ ಮೇಲೆ ಕರೆ ಮಾಡಿ ಪೀಡಿಸುವಂತಿಲ್ಲ. ಬೆದರಿಕೆ ಹಾಕುವಂತಿಲ್ಲ. ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ. ಮನೆಯವರ, ಸ್ನೇಹಿತರ ತಂಟೆಗೆ ಹೋಗುವಂತಿಲ್ಲ. ಸುಳ್ಳು ಹೇಳಿ ದಾರಿ ತಪ್ಪಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಏಜೆಂಟ್ ಮಾಡಿದ್ದಕ್ಕೆ ಸಾಲ ಕೊಟ್ಟ ಕಂಪನಿಯೇ ಹೊಣೆ. "ಅದು ಏಜೆನ್ಸಿಯವರು ಸರ್, ನಮಗೆ ಗೊತ್ತಿಲ್ಲ" ಅಂತ ಜಾರಿಕೊಳ್ಳಲು ಆಗುವುದಿಲ್ಲ.

ಏಜೆಂಟರು ಅಂಗಡಿಗೇ ಬಂದದ್ದು ಮೇ ತಿಂಗಳಲ್ಲಿ. ನಮ್ಮೂರಿನ ಮೇ ಬಿಸಿಲು ನಿಮಗೆ ಗೊತ್ತಲ್ಲ, ಮಧ್ಯಾಹ್ನ ನಾಯಿಗಳೂ ರಸ್ತೆಗೆ ಬರುವುದಿಲ್ಲ. ಇಬ್ಬರು ಹುಡುಗರು ಬೈಕಿನಲ್ಲಿ ಬಂದರು, ಮುಖಕ್ಕೆ ಟವೆಲ್ ಸುತ್ತಿಕೊಂಡು. ಮೊದಲು ನೀರು ಕೊಟ್ಟೆ. ಆಮೇಲೆ ಕೇಳಿದೆ: "ನಿಮ್ಮ ಹೆಸರೇನ್ರಿ? ಯಾವ ಏಜೆನ್ಸಿ? ಕಂಪನಿ ಕೊಟ್ಟ ಪತ್ರ ಐತೇನು?"

ಪತ್ರ ಇರಲಿಲ್ಲ. ಒಬ್ಬನ ಕೊರಳಲ್ಲಿ ಐಡಿ ಕಾರ್ಡ್ ಇತ್ತು, ಅದು ಬೇರೆ ಯಾವುದೋ ಕಂಪನಿಯದು. ಬ್ಯಾಂಕಿನ ಏಜೆಂಟರಾದರೆ ಐಡಿ ಕಾರ್ಡು, ಅಧಿಕಾರ ಪತ್ರ, ಬ್ಯಾಂಕ್ ಕಳಿಸಿದ ನೋಟಿಸಿನ ಪ್ರತಿ ಇಟ್ಟುಕೊಂಡೇ ಬರಬೇಕು ಅಂತ 2008ರಿಂದಲೇ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ನನ್ನದು ಫೈನಾನ್ಸ್ ಕಂಪನಿ. ಆದರೆ ಅವರ ವೆಬ್‌ಸೈಟಿನ ತಳದಲ್ಲಿ, ಯಾರೂ ನೋಡದ ಜಾಗದಲ್ಲಿ, ವಸೂಲಿ ನೀತಿ ಅಂತ ಒಂದು ಫೈಲ್ ಇತ್ತು. ಅದರಲ್ಲೂ ಇದೇ ಮಾತು ಬರೆದಿತ್ತು. ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೆ. ಆ ಹಾಳೆ ತೋರಿಸಿ, "ನಿಮ್ಮ ಕಂಪನಿದೇ ರೂಲ್ ಅದ ನೋಡ್ರಿ, ಪತ್ರ ತಗೊಂಡ್ ಬರ್ರಿ, ಕೂತು ಮಾತಾಡೋಣ" ಅಂದೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿದ್ದಕ್ಕಿಂತ ಅವರದೇ ಕಂಪನಿಯ ಹಾಳೆ ಜಾಸ್ತಿ ಕೆಲಸ ಮಾಡಿತು.

ಹೋಗುವಾಗ ದೊಡ್ಡವನು ಒಂದು ಮಾತು ಎಸೆದ: "ಮುಂದಿನ ಸಲ ಬಂದ್ರ ಮಷೀನ್ ಎತ್ಕೊಂಡ್ ಹೋಗ್ತೀವಿ."

ಈ ಮಾತು ನಮ್ಮ ಕಡೆ ತುಂಬಾ ಕೇಳಿಬರುತ್ತದೆ. ಕೆಲವರ ಮನೆಯಲ್ಲಿ ಗ್ಯಾಸ್ ಸಿಲಿಂಡರು, ಪಾತ್ರೆ ಎತ್ತುತ್ತೇವೆ ಅನ್ನುತ್ತಾರೆ. ಅಡಮಾನ ಇಲ್ಲದ ಸಾಲಕ್ಕೆ ಯಾವ ವಸ್ತುವನ್ನೂ ಏಜೆಂಟ್ ಎತ್ತುವಂತಿಲ್ಲ. ಕಂಪನಿ ಕೋರ್ಟಿಗೋ ಮಧ್ಯಸ್ಥಿಕೆಗೋ (ಆರ್ಬಿಟ್ರೇಶನ್) ಹೋಗಿ ಆದೇಶ ತರಬೇಕು, ಜಾರಿ ಮಾಡುವುದು ಕೋರ್ಟಿನ ಕೆಲಸ. ಡಿಕ್ರಿ ಆದ ಮೇಲೂ ಕೆಲವು ವಸ್ತು ಮುಟ್ಟುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಓದಿ ನೋಡಿ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಉಪಕರಣ, ರೈತನಾದರೆ ಒಕ್ಕಲುತನದ ಸಾಮಾನು ಮತ್ತು ಜೀವನಕ್ಕೆ ಬೇಕಾದ ದನ, ಬೀಜ. ಇವನ್ನೆಲ್ಲ ಜಪ್ತಿಯಿಂದ ಹೊರಗಿಟ್ಟಿದ್ದಾರೆ. ವೈಂಡಿಂಗ್ ಮಷೀನ್ ನನ್ನ ಕಸುಬಿನ ಉಪಕರಣ. ಇದು ಗೊತ್ತಾದ ಮೇಲೆ ರಾತ್ರಿ ನಿದ್ದೆ ಬಂತು ಅಂತ ಹೇಳಿದರೆ ಸುಳ್ಳಲ್ಲ. ಗಾಡಿ ಸಾಲ, ಮನೆ ಮೇಲಿನ ಸಾಲ ಬೇರೆ ಮಾತು. ಅಲ್ಲಿ ವಸ್ತುವೇ ಒತ್ತೆ ಇರುತ್ತದೆ. ಮನೆ ಒತ್ತೆಯ ಸಾಲ ಎನ್‌ಪಿಎ ಆದರೆ, ಅಂದರೆ ಕಂತು ಬರದೆ ಕೆಟ್ಟ ಸಾಲ ಅಂತ ಲೆಕ್ಕಕ್ಕೆ ಹೋದರೆ, ಒತ್ತೆ ಆಸ್ತಿಯನ್ನು ಕೋರ್ಟಿಗೆ ದಾವೆ ಹಾಕದೆ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಬರುತ್ತದೆ. ಆ ನೋಟಿಸನ್ನು ಮಡಚಿ ದೇವರ ಫೋಟೋ ಹಿಂದೆ ಇಟ್ಟವರನ್ನು ನೋಡಿದ್ದೇನೆ. ಅದಕ್ಕೆ ಆಕ್ಷೇಪಣೆ ಬರೆದರೆ ಸಾಲ ಕೊಟ್ಟವರು 15 ದಿನದಲ್ಲಿ ಉತ್ತರಿಸಬೇಕು. ಅಂದಹಾಗೆ ಹೊಲದ ಜಮೀನಿಗೆ ಸರ್ಫೇಸಿ ತಾಗುವುದಿಲ್ಲ.

ಅವತ್ತು ಸಂಜೆಯೇ ಕಂಪನಿಗೆ ಪತ್ರ ಬರೆಯಲು ಕೂತೆ. ಯಾರಿಗೆ ಬರೆಯಬೇಕು ಅನ್ನುವುದು ನನಗೆ ಸಿಕ್ಕಿದ್ದು ಸಾಲದ ಕಾಗದಗಳಲ್ಲಿದ್ದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಹಾಳೆಯಲ್ಲಿ. 2024ರ ಅಕ್ಟೋಬರ್ 1ರಿಂದ ಜನಸಾಮಾನ್ಯರ ಸಾಲಕ್ಕೂ ಸಣ್ಣ ಉದ್ದಿಮೆಯ ಸಾಲಕ್ಕೂ ಈ ಹಾಳೆ ಕೊಡಲೇಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಬಡ್ಡಿ, ಶುಲ್ಕ ಎಲ್ಲದರ ಜೊತೆಗೆ ದೂರು ಕೇಳುವ ನೋಡಲ್ ಅಧಿಕಾರಿಯ ಫೋನು, ಈಮೇಲ್ ಅದರಲ್ಲೇ ಇರುತ್ತದೆ. ವಸೂಲಿ ಏಜೆಂಟರ ಬಗ್ಗೆ ಒಪ್ಪಂದದ ಯಾವ ಕಲಂ ಏನು ಹೇಳುತ್ತದೆ ಅನ್ನುವುದೂ ಇರುತ್ತದೆ. ಸಹಿ ಮಾಡುವ ದಿನ ಅದನ್ನು ಯಾರು ಓದುತ್ತಾರೆ, ಅಲ್ವಾ? ಕಷ್ಟ ಬಂದಾಗ ಅದೇ ಮೊದಲು ತೆಗೆಯಬೇಕಾದ ಹಾಳೆ. ನಿಮ್ಮ ಸಾಲ ಅದಕ್ಕಿಂತ ಹಳೆಯದಾದರೆ ಬ್ರಾಂಚಿನ ಗೋಡೆ ನೋಡಿ, ಕುಂದುಕೊರತೆ ಅಧಿಕಾರಿಯ ಹೆಸರು, ನಂಬರು ಅಲ್ಲಿ ಹಾಕಿರಬೇಕು.

ಪತ್ರ ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯರೇ, ನನ್ನ ಲೋನ್ ನಂಬರ್ ಇದು. ಸಾಲ ತೆಗೆದುಕೊಂಡಿರುವುದು ನಿಜ, ಬಾಕಿ ಇರುವುದೂ ನಿಜ. ಬೆಳೆ ಹಾನಿಯಿಂದ ನನಗೆ ಬರಬೇಕಾದ ಹಣ ಬಂದಿಲ್ಲ. ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಕೊಟ್ಟರೆ ಕಟ್ಟುತ್ತೇನೆ. ಈ ಕೆಳಗಿನ ತಾರೀಖು, ಹೊತ್ತಿನಲ್ಲಿ ಈ ನಂಬರುಗಳಿಂದ ಕರೆ ಬಂದಿವೆ. ಇವರು ನಿಮ್ಮ ಏಜೆಂಟರೇ? ಹೌದಾದರೆ ಏಜೆನ್ಸಿಯ ಹೆಸರು, ಅಧಿಕಾರ ಪತ್ರದ ಪ್ರತಿ ಕೊಡಿ. ಸಾಲದ ಪೂರ್ತಿ ಸ್ಟೇಟ್‌ಮೆಂಟ್, ಒಪ್ಪಂದದ ಪ್ರತಿ, ದಂಡ ಶುಲ್ಕ ಹೇಗೆ ಲೆಕ್ಕ ಹಾಕಿದ್ದೀರಿ ಅನ್ನುವ ವಿವರ ಕೊಡಿ. ಇನ್ನು ಮುಂದೆ ನನ್ನ ಜೊತೆ ಈ ವಿಳಾಸಕ್ಕೆ ಅಥವಾ ಈ ಈಮೇಲಿಗೆ ಬರೆದು ಮಾತಾಡಿ. ಫೋನ್ ಮಾಡುವುದಾದರೆ ಬೆಳಗ್ಗೆ 10ರಿಂದ 12ರ ಒಳಗೆ."

ಕನ್ನಡದಲ್ಲೇ ಬರೆದೆ. ಈಮೇಲ್ ಒಂದು, ಹೆಡ್ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಒಂದು. ಪೋಸ್ಟಿನ ರಸೀದಿ ನೋಟ್‌ಬುಕ್ಕಿಗೆ ಅಂಟಿಸಿದೆ. ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ಕೂಡ. ಥರ್ಮಲ್ ಕಾಗದದ ರಸೀದಿ ನಮ್ಮ ಬಿಸಿಲಿಗೆ ಬೇಗ ಅಳಿಸಿಹೋಗುತ್ತದೆ, ಅದನ್ನು ಜೆರಾಕ್ಸ್ ಮಾಡಿಸಿಡಿ.

ಇಲ್ಲಿ ಒಂದು ಎಚ್ಚರ. "ಸಾಲ ನಿಜ" ಅಂತ ನಾನು ಬರೆದದ್ದು ಸಾಲ ಹೊಸದಾಗಿತ್ತು, ಕಟ್ಟುವ ಮನಸ್ಸೂ ಇತ್ತು ಅಂತ. ಇಂಥ ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಅದು ಮುಗಿಯುವ ಮುಂಚೆ ಸಹಿ ಹಾಕಿ ಒಪ್ಪಿಕೊಂಡರೆ ಅಥವಾ ಸ್ವಲ್ಪ ಹಣ ಕಟ್ಟಿದರೆ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. ಎಂದೋ ಮರೆತ ಹಳೇ ಸಾಲಕ್ಕೆ ಯಾರೋ ಬಂದು "ಐನೂರಾದ್ರೂ ಕಟ್ರಿ" ಅಂದರೆ ಅದರ ಹಿಂದೆ ಇದೇ ಲೆಕ್ಕ ಇರಬಹುದು. ಅಂಥದ್ದಕ್ಕೆ ಬರೆಯುವ ಮುಂಚೆ ವಕೀಲರನ್ನು ಕೇಳಿ.

ಪತ್ರ ತಲುಪಿದ ಮೇಲೆ ಕರೆ ನಿಂತವು. ಆಮೇಲೆ ಇನ್ನೊಂದು ಏಜೆನ್ಸಿ ಶುರು ಮಾಡಿತು, ಇವರು ಇನ್ನೂ ಒರಟು. ಈ ಸಲ ಶಹಾಪುರದಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಫೋನ್ ಹೋಯಿತು. ಅವನು ಜಾಮೀನುದಾರ ಅಲ್ಲ. ಅರ್ಜಿಯಲ್ಲಿ ಪರಿಚಯದವರು ಅಂತ ಅವನ ನಂಬರ್ ಕೊಟ್ಟಿದ್ದೆ, ಅಷ್ಟೇ. ಪರಿಚಯಕ್ಕೆ ಅಂತ ನಾವು ಯಾರ ನಂಬರ್ ಕೊಟ್ಟಿರುತ್ತೇವೋ ಅವರು ಸಾಲಕ್ಕೆ ಹೊಣೆ ಆಗುವುದಿಲ್ಲ. ಅವರಿಗೆ ಕಾಟ ಕೊಡುವಂತಿಲ್ಲ ಅಂತ ಆ 2022ರ ಸುತ್ತೋಲೆಯಲ್ಲೇ ಇದೆ. ಅವನಿಗೆ ಒಂದು ಸಾಲು ಕಳಿಸಲು ಹೇಳಿದೆ: "ನಾನು ಜಾಮೀನು ಹಾಕಿಲ್ಲ, ನನ್ನ ನಂಬರ್ ತೆಗೆಯಿರಿ." ಅವನು ವಾಟ್ಸಾಪಿನಲ್ಲಿ ಕಳಿಸಿ ನನಗೂ ಅದರ ಫೋಟೋ ಹಾಕಿದ. ಜಾಮೀನಿಗೆ ಸಹಿ ಹಾಕಿದವರ ಕಥೆ ಬೇರೆ. ಕಾನೂನಿನಲ್ಲಿ ಜಾಮೀನುದಾರನೂ ಸಾಲಗಾರನಷ್ಟೇ ಹೊಣೆ. ಆದರೆ ಅವರನ್ನೂ ಬೈಯುವಂತಿಲ್ಲ.

ಮನೆಯಲ್ಲಿ ಹೆಂಡತಿಯ ಗುಂಪಿನ ಸಾಲದ ಕಾಟ ಬೇರೆ ಥರದ್ದು. ಇಲ್ಲಿ ಫೋನಿಲ್ಲ, ಹೊರಗಿನ ಏಜೆಂಟರಿಲ್ಲ. ಅಕ್ಕಪಕ್ಕದ ಹೆಂಗಸರನ್ನೇ ಎತ್ತಿಕಟ್ಟುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರಿಗೂ ಮುಂದಿನ ಸಾಲ ಇಲ್ಲ ಅನ್ನುತ್ತಾರೆ. ಒಂದು ಸಂಜೆ ಕಂತು ವಸೂಲಿಗೆ ಬರುವ ಕಂಪನಿಯ ಫೀಲ್ಡಿನ ಹುಡುಗ ಗುಂಪಿನವರನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಕೂರಿಸಿದ. "ಆಕಿ ಕಟ್ಟೋತನ ಯಾರೂ ಏಳಬ್ಯಾಡ್ರಿ" ಅಂದ. ದೀಪ ಹಚ್ಚುವ ಹೊತ್ತಾದರೂ ಕೂತೇ ಇದ್ದರು. ಪಾಪ, ಅವರ ಮನೆಯಲ್ಲೂ ರೊಟ್ಟಿ ತಟ್ಟುವ ಹೊತ್ತು.

ನಾನು ಅಂಗಡಿಯಿಂದ ಬರುವುದರೊಳಗೆ ಹೆಂಡತಿಯೇ ಕೆಲಸ ಮುಗಿಸಿದ್ದಳು. ಇಂಥ ಗುಂಪಿನ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್ ಸಾಲಕ್ಕೆ, ರಿಸರ್ವ್ ಬ್ಯಾಂಕಿನ ನಿಯಮ ಇನ್ನೂ ಬಿಗಿ. 2022ರ ಮಾರ್ಚಿನಲ್ಲಿ ಬಂದ ನಿರ್ದೇಶನದಲ್ಲಿ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವುದನ್ನೇ ಒರಟು ವಸೂಲಿ ಅಂತ ಎಣಿಸಿದ್ದಾರೆ. ಎರಡೂ ಕಡೆಯವರು ಒಪ್ಪಿದ ಒಂದು ಜಾಗದಲ್ಲಿ ಕಂತು ವಸೂಲಿ ಮಾಡಬೇಕು. ಅಲ್ಲಿಗೆ ಸತತವಾಗಿ ಎರಡು ಅಥವಾ ಹೆಚ್ಚು ಸಲ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲಗಾರರ ಹೆಸರು ಎಲ್ಲರಿಗೂ ಕಾಣುವ ಹಾಗೆ ಹಾಕುವಂತಿಲ್ಲ. ನಾವು ಕಟ್ಟಿಲ್ಲ ಅನ್ನುವುದು ನಿಜ, ಆದರೆ ಕಂತಿನ ಜಾಗಕ್ಕೆ ಆಕೆ ಪ್ರತಿ ವಾರ ಹೋಗಿ "ಈ ವಾರ ಇಲ್ಲ" ಅಂತ ಹೇಳಿ ಬರುತ್ತಿದ್ದಳು. ಹಾಗಾಗಿ ಮನೆಗೆ ಬರುವ ನೆಪವೇ ಅವರಿಗೆ ಇರಲಿಲ್ಲ.

ಆಕೆ ಲೋನ್ ಕಾರ್ಡ್ ತಂದಳು. ಅದು ಕನ್ನಡದಲ್ಲಿತ್ತು, ಇರಲೇಬೇಕು ಅಂತ ನಿಯಮ. ಹಿಂದೆ ದೂರಿನ ನಂಬರಿತ್ತು. ಎಲ್ಲರ ಮುಂದೆ ಸ್ಪೀಕರ್ ಹಾಕಿ ಫೋನ್ ಮಾಡಿ ಹೇಳಿದಳು: "ನಿಮ್ಮ ಹುಡುಗ ಹೆಣ್ಮಕ್ಕಳನ್ನ ಕತ್ತಲಾದ್ರೂ ಕೂಡಿಸಿಕೊಂಡಾನ್ರಿ. ಟೈಮ್ ಎಷ್ಟಾತು ಬರ್ಕೋರಿ. ಕಂಪ್ಲೇಂಟ್ ನಂಬರ್ ಕೊಡ್ರಿ." ಆ ಕಡೆಯವರು ನಂಬರ್ ಕೊಟ್ಟರು. ಫೀಲ್ಡಿನ ಹುಡುಗ ಬ್ಯಾಗ್ ಎತ್ತಿಕೊಂಡ. ಗುಂಪಿನ ಹೆಂಗಸರಲ್ಲಿ ಇಬ್ಬರು ಮರುದಿನ ಬಂದು ಆ ನಂಬರನ್ನು ತಮ್ಮ ಕಾರ್ಡಿನಲ್ಲೂ ಹುಡುಕಿ ನೋಡಿಕೊಂಡರಂತೆ.

ಅದೇ ಸುಮಾರಿಗೆ ರಾಜ್ಯ ಸರ್ಕಾರದ ಕಾನೂನಿನ ಸುದ್ದಿ ಬಜಾರಿನ ತುಂಬಾ ಇತ್ತು. ಕಿರುಸಾಲ ಮತ್ತು ಸಣ್ಣ ಸಾಲ ವಸೂಲಿಯಲ್ಲಿ ಬಲವಂತ ತಡೆಯುವ ಸುಗ್ರೀವಾಜ್ಞೆ 2025ರ ಫೆಬ್ರುವರಿಯಲ್ಲಿ ಬಂತು, ಆಮೇಲೆ ಕಾಯ್ದೆಯಾಯಿತು. ಬಲವಂತ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ಬೇಡ ಅನ್ನುವಂತಿಲ್ಲ. ಇದನ್ನು ಕೇಳಿ ಎಲ್ಲಾ ಸಾಲ ಮನ್ನಾ ಆಯಿತು ಅಂದುಕೊಂಡವರು ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ತುಂಬಾ ಸಿಕ್ಕರು. ಹಾಗಿಲ್ಲ. ಈ ಕಾನೂನಿನ ಪೆಟ್ಟು ಲೈಸೆನ್ಸು, ನೋಂದಣಿ ಇಲ್ಲದೆ ಬಡ್ಡಿಗೆ ಬಿಡುವವರ ಮೇಲೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಫೈನಾನ್ಸ್ ಕಂಪನಿಗಳನ್ನು ಇದರಿಂದ ಹೊರಗಿಟ್ಟಿದ್ದಾರೆ. ನಮ್ಮ ಎರಡೂ ಸಾಲ ನೋಂದಣಿ ಇದ್ದ ಕಂಪನಿಗಳದು. ನಮಗೆ ದಾರಿ ರಿಸರ್ವ್ ಬ್ಯಾಂಕಿನ ನಿಯಮಗಳೇ. ನಿಮಗೆ ಕೊಟ್ಟವರು ನೋಂದಾಯಿತರೋ ಅಲ್ಲವೋ ಅನ್ನುವುದನ್ನು ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಬಹುದು. ಮೊದಲು ಅದನ್ನು ನೋಡಿ, ಆಮೇಲೆ ಯಾವ ಬಾಗಿಲು ತಟ್ಟಬೇಕು ಅಂತ ತೀರ್ಮಾನಿಸಿ.

ಪೊಲೀಸ್ ಠಾಣೆಗೆ ಹೋಗುವ ಇಷ್ಟ ಇರಲಿಲ್ಲ. ಆದರೆ ಎರಡನೇ ಏಜೆನ್ಸಿಯವನು "ನಿನ್ನ ಮಗಳ ಕಾಲೇಜು ಯಾವುದು ಗೊತ್ತು" ಅಂತ ಮೆಸೇಜ್ ಹಾಕಿದ. ಅವತ್ತೇ ಹೋದೆ. "ಸಾಲದ್ದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ" ಅಂದರು. ನಾನು ಬರೆದುಕೊಂಡು ಹೋದ ದೂರಿನಲ್ಲಿ ಸಾಲದ ಬಗ್ಗೆ ಒಂದೇ ಸಾಲು ಇತ್ತು. ಉಳಿದದ್ದೆಲ್ಲ ಬೆದರಿಕೆಯ ಬಗ್ಗೆ. ಯಾವ ನಂಬರು, ಯಾವ ತಾರೀಖು, ಯಾವ ಮಾತು. ಜೀವಕ್ಕೆ, ಮಾನಕ್ಕೆ ಬೆದರಿಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ನಿನಲ್ಲಿ ಅಪರಾಧ, ಹಣ ಬಾಕಿ ಇದ್ದರೂ ಅಪರಾಧವೇ. "ಸಾಲದ್ದು ಬಿಡ್ರಿ ಸರ್, ಈ ಮೆಸೇಜಿಗೆ ಹಿಂಬರಹ ಕೊಡ್ರಿ" ಅಂತ ನಿಂತೆ. ದೂರು ಪಡೆದದ್ದಕ್ಕೆ ಹಿಂಬರಹ ಸಿಕ್ಕಿತು. ಠಾಣೆಯಿಂದ ಆ ನಂಬರಿಗೆ ಒಂದು ಫೋನ್ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಆ ಮನುಷ್ಯ ಮತ್ತೆ ನನ್ನ ತಂಟೆಗೆ ಬರಲಿಲ್ಲ.

ಪತ್ರ ತಲುಪಿ 30 ದಿನ ಆದರೂ ಕಂಪನಿಯಿಂದ ನಮಗೆ ಬಂದದ್ದು "ನಿಮ್ಮ ದೂರು ಸ್ವೀಕರಿಸಿದ್ದೇವೆ" ಅನ್ನುವ ಯಂತ್ರದ ಈಮೇಲ್ ಮಾತ್ರ. 30 ದಿನ ಕಾಯಬೇಕಾದ್ದು ಯಾಕೆ ಅಂದರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಮೊದಲು ಕೇಳುವುದೇ "ಕಂಪನಿಗೆ ಬರೆದಿದ್ದೀರಾ, ಎಂದು ಬರೆದಿರಿ, ಏನು ಉತ್ತರ ಬಂತು" ಅಂತ. ಉತ್ತರ ಬರದೆ 30 ದಿನ ಕಳೆದಿರಬೇಕು, ಅಥವಾ ಬಂದ ಉತ್ತರ ಸರಿ ಇಲ್ಲ ಅನ್ನಿಸಿರಬೇಕು. ಕಂಪನಿಗೆ ಬರೆಯದೆ ನೇರ ಇಲ್ಲಿಗೆ ಹೋದ ದೂರು ವಾಪಸ್ ಬರುತ್ತದೆ. ವಿಷಯ ಆಗಲೇ ಕೋರ್ಟಿನಲ್ಲಿದ್ದರೂ ತೆಗೆದುಕೊಳ್ಳುವುದಿಲ್ಲ. ವಕೀಲರ ಕೈಯಿಂದ ಹಾಕಿಸಬಾರದು. ಶುಲ್ಕ ಇಲ್ಲ. ದೂರು ಹಾಕಲು ರಿಸರ್ವ್ ಬ್ಯಾಂಕ್ ಮಾಡಿರುವ ಸಿಎಂಎಸ್ ಪೋರ್ಟಲ್ಲಿನಲ್ಲಿ ಮಗಳು ತುಂಬಿದಳು. ಕಂಪ್ಯೂಟರ್ ಬಾರದವರು ಕಾಗದದಲ್ಲಿ ಬರೆದು ಚಂಡೀಗಢದ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ.

ಇಲ್ಲಿ ನೋಟ್‌ಬುಕ್ ತನ್ನ ಬೆಲೆ ತೋರಿಸಿತು. "ತುಂಬಾ ಕಾಟ ಕೊಡುತ್ತಾರೆ" ಅಂತ ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ರಾತ್ರಿ 9:40ಕ್ಕೆ ಈ ನಂಬರಿನಿಂದ ಈ ಮಾತು ಅಂದರೆ ಕಂಪನಿ ಉತ್ತರ ಕೊಡಲೇಬೇಕಾಗುತ್ತದೆ. ಮೋಟಾರು ಸುಟ್ಟಿದೆ ಅಂತ ತಂದವರಿಗೆ ನಾನು ಹೇಳುವುದೂ ಅದೇ, ಯಾವ ಫೇಸ್ ಹೋಗಿದೆ ಅಂತ ಮೀಟರ್ ಇಟ್ಟು ನೋಡದೆ ರಿಪೇರಿ ಇಲ್ಲ. ನಾನು ಕೇಳಿದ್ದೂ ಅಳತೆಯಲ್ಲೇ ಇತ್ತು: ಈ ಏಜೆನ್ಸಿಯನ್ನು ತೆಗೆಯಿರಿ, ದಂಡದ ಲೆಕ್ಕ ಸರಿ ಮಾಡಿ, ಕಂತು ಮರುಹೊಂದಿಸಿ.

ಈ ನಡುವೆ ವಾಟ್ಸಾಪಿನಲ್ಲಿ ನೋಟಿಸುಗಳ ಮಳೆ. ಒಂದರ ಮೇಲೆ ತಕ್ಕಡಿ ಚಿತ್ರ, ಒಂದರ ಮೇಲೆ ಕೆಂಪು ಅಕ್ಷರದಲ್ಲಿ "ಅರೆಸ್ಟ್ ವಾರಂಟ್". ಸಾಲ ಕಟ್ಟಲು ಆಗದೇ ಇರುವುದು ಅಪರಾಧ ಅಲ್ಲ, ಅದಕ್ಕೆ ವಾರಂಟ್ ಹೊರಡುವುದಿಲ್ಲ. ಏಜೆಂಟ್ ಅಂತೂ ವಾರಂಟ್ ಕಳಿಸಲಾರ. ಆದರೆ ಎಲ್ಲವನ್ನೂ ಸುಳ್ಳು ಅಂತ ಬಿಸಾಡಬೇಡಿ. ಚೆಕ್ ಬೌನ್ಸ್ ಆದರೆ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕ್ರಿಮಿನಲ್ ಕೇಸೇ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ವಾಪಸಾದರೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ಅದೇ ಥರದ ಕೇಸ್ ಹಾಕಬಹುದು. ಅದಕ್ಕೆ ಮುಂಚೆ ಬರೆದ ನೋಟಿಸ್ ಬರಬೇಕು, ಬಂದ ಮೇಲೆ ಕಟ್ಟಲು 15 ದಿನ ಇರುತ್ತದೆ. ವಕೀಲರ ಲೆಟರ್‌ಹೆಡ್ಡಿನಲ್ಲಿ ಅಂಚೆಯಲ್ಲಿ ಬಂದ ನೋಟಿಸಿಗೆ ಉತ್ತರ ಕೊಡದೆ ಕೂರಬಾರದು. ಮಧ್ಯಸ್ಥಿಕೆಗೆ ಕರೆದ ನೋಟಿಸೂ ಹಾಗೆಯೇ. ಉತ್ತರ ಇಲ್ಲ ಅಂತ ಒಂದು ಕಡೆಯ ಮಾತು ಕೇಳಿ ಆದೇಶ ಬರೆದುಬಿಡುತ್ತಾರೆ.

ನನಗೆ ಬಂದದ್ದರಲ್ಲಿ ಯಾವುದು ನಿಜ, ಯಾವುದು ಹೆದರಿಸುವುದಕ್ಕೆ ಅಂತ ಬೇರ್ಪಡಿಸಿ ಕೊಟ್ಟವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು. ಕೋರ್ಟ್ ಆವರಣದಲ್ಲೇ ಅವರ ಕಚೇರಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು. ಹಾಗಾಗಿ ಮೊದಲು ಹೆಂಡತಿಯ ಹೆಸರಲ್ಲೇ ಹೋದೆವು. 15100 ಅವರ ಸಹಾಯವಾಣಿ. "ಲೋಕ ಅದಾಲತ್" ಅಂತ ಬಂದ ಒಂದು ನೋಟಿಸನ್ನು ನೋಡಿ ಆ ವಕೀಲರು, ಕೇಸ್ ನಂಬರೂ ಇಲ್ಲ, ಪ್ರಾಧಿಕಾರದ ಮೊಹರೂ ಇಲ್ಲ, ಇದು ಏಜೆನ್ಸಿಯೇ ಅಚ್ಚು ಹಾಕಿಸಿದ್ದು ಅಂದರು. ನಿಜವಾದ ಲೋಕ ಅದಾಲತ್ತಿಗೆ ಹೆದರುವುದು ಬೇಡ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ರಾಜಿ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ, ಕೈಯಲ್ಲಿ ಆಗುವಷ್ಟಕ್ಕೇ ಒಪ್ಪಿಕೊಳ್ಳಬೇಕು.

ಒಂಬುಡ್ಸ್‌ಮನ್ ಕಡೆಯಿಂದ ದೂರು ಕಂಪನಿಗೆ ಹೋದ ಮೇಲೆ, ಅಷ್ಟು ದಿನ ಬಾಯಿ ಬಿಡದವರು ತಾವಾಗಿ ಫೋನ್ ಮಾಡಿದರು. ಆಗ ಸಾಲದ ಸ್ಟೇಟ್‌ಮೆಂಟ್ ಕೈಗೆ ಬಂತು. ನೋಡಿದರೆ ದಂಡದ ಹಣವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದ್ದರು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ನಿಲ್ಲಿಸಿದೆ. ದಂಡ ಹಾಕಬಹುದು, ಆದರೆ ಅದು ಬಡ್ಡಿಯ ರೂಪದಲ್ಲಿ ಇರಬಾರದು, ಅಸಲಿಗೆ ಸೇರಬಾರದು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯಬಾರದು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಇದು ಜಾರಿ. ಸ್ಟೇಟ್‌ಮೆಂಟಿನ ಆ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ವಾಪಸ್ ಕಳಿಸಿದೆ. ತೆಗೆದರು. ಸಣ್ಣ ಮೊತ್ತ ಏನಲ್ಲ, ಒಂದು ಡ್ರಮ್ ತಾಮ್ರದ ತಂತಿ ಬರುವಷ್ಟಿತ್ತು.

ಅವರು ಮೊದಲು ಮುಂದಿಟ್ಟದ್ದು ಸೆಟಲ್‌ಮೆಂಟ್. ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ. ಕೇಳಲು ಚೆನ್ನಾಗಿದೆ. ಆದರೆ ಸಿಬಿಲ್ ವರದಿಯಲ್ಲಿ (ನಾವು ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ) "ಮುಚ್ಚಲಾಗಿದೆ" ಅಂತ ಬರುವ ಬದಲು "ಸೆಟಲ್ಡ್" ಅಂತ ಕೂರುತ್ತದೆ, ಮುಂದೆ ಸಾಲ ಕೇಳಿದರೆ ಬ್ಯಾಂಕಿನವರು ಅದನ್ನು ನೋಡಿ ಹಿಂಜರಿಯುತ್ತಾರೆ. ನನ್ನ ಕಸುಬಿಗೆ ಪ್ರತಿ ಹಂಗಾಮಿನಲ್ಲಿ ಬಂಡವಾಳ ಬೇಕು. ಹಾಗಾಗಿ ನಾನು ಒಪ್ಪಲಿಲ್ಲ, ಅವಧಿ ಹೆಚ್ಚಿಸಿಕೊಂಡು ಪೂರ್ತಿ ಕಟ್ಟುವ ದಾರಿ ಹಿಡಿದೆ. ಕಾಯಿಲೆ ಬಿದ್ದು ದುಡಿಮೆಯೇ ನಿಂತವರಿಗೆ ಸೆಟಲ್‌ಮೆಂಟೇ ಸರಿ ಇರಬಹುದು. ಯಾವುದೇ ಇರಲಿ, ಕಂಪನಿಯ ಪತ್ರ ಕೈಗೆ ಬಂದ ಮೇಲೆಯೇ ಹಣ. ಮೊತ್ತ, ಕಟ್ಟುವ ತಾರೀಖು, ಕಟ್ಟಿದ ಮೇಲೆ ಬಾಕಿ ಇರುವುದಿಲ್ಲ ಅನ್ನುವ ಮಾತು, ಮೂರೂ ಅದರಲ್ಲಿ ಇರಬೇಕು. ಏಜೆಂಟ್ ಒಬ್ಬ "ನನ್ನ ಫೋನ್‌ಪೇಗೆ ಹಾಕಿ ಅಣ್ಣಾ, ನಾನೇ ಕಟ್ತೀನಿ" ಅಂದಿದ್ದ. ಒಂದು ರೂಪಾಯಿಯನ್ನೂ ಹಾಗೆ ಕೊಡಲಿಲ್ಲ. ಕಂಪನಿಯ ಲೋನ್ ಖಾತೆಗೇ ಹಾಕಿದೆ, ಹಣ ಹೋದದ್ದಕ್ಕೆ ಗುರುತಾದ ಯುಟಿಆರ್ ನಂಬರ್ ಬರೆದಿಟ್ಟೆ.

ಆ ಹುಡುಗರ ಬಗ್ಗೆ ನನಗೆ ಸಿಟ್ಟಿಲ್ಲ ಅನ್ನಲಾರೆ. ಆದರೂ ಮೊದಲು ಬಂದ ಇಬ್ಬರಲ್ಲಿ ಚಿಕ್ಕವನು ಆಳಂದ ಕಡೆಯವನು, ಡಿಗ್ರಿ ಮುಗಿಸಿದವನು. ಆಮೇಲೊಂದು ದಿನ ಅವರಪ್ಪನ ಪಂಪಿನ ಮೋಟಾರ್ ತಂದಿದ್ದ. ಕಲೆಕ್ಷನ್ ಟಾರ್ಗೆಟ್ ಮುಟ್ಟದಿದ್ದರೆ ಪೆಟ್ರೋಲಿನ ದುಡ್ಡೂ ಬರುವುದಿಲ್ಲವಂತೆ.

ಕೊನೆಯ ಕಂತು ಕಟ್ಟಿದ ಮೇಲೆ ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಕೇಳಿ ಪಡೆದೆ. ಸಾಲ ಕೊಡುವಾಗ ತೆಗೆದುಕೊಂಡಿದ್ದ ಖಾಲಿ ಚೆಕ್ಕುಗಳನ್ನು ವಾಪಸ್ ಕೇಳಿ ರಸೀದಿಯ ಮೇಲೆ ಬರೆಸಿಕೊಂಡೆ. ಮನೆ, ಜಮೀನಿನ ಪತ್ರ ಇಟ್ಟವರು ಜಾಸ್ತಿ ಗಮನ ಕೊಡಬೇಕು. ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ಕಂಪನಿಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಮುಂದಿನದಕ್ಕೆ ಈ ನಿಯಮ.

ಮೊಬೈಲ್ ಆ್ಯಪ್ ಸಾಲದವರು ನನ್ನ ಹತ್ತಿರ ಬಂದರೆ ನನ್ನ ನೋಟ್‌ಬುಕ್ಕಿನ ದಾರಿ ಅವರಿಗೆ ಪೂರ್ತಿ ಹೊಂದುವುದಿಲ್ಲ ಅಂತ ಮೊದಲೇ ಹೇಳುತ್ತೇನೆ. ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್, ಫೋಟೋ, ಕಾಲ್ ಲಾಗ್ ಮುಟ್ಟುವಂತಿಲ್ಲ. ಫೋಟೋ ತಿದ್ದಿ ನೆಂಟರಿಗೆ ಕಳಿಸುತ್ತೇವೆ ಅನ್ನುವವರು ವಸೂಲಿಯವರಲ್ಲ, ಸುಲಿಗೆಯವರು. ಅಲ್ಲಿ ಪತ್ರ ಬರೆಯುತ್ತಾ ಕೂರದೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಬೇಕು. ನೋಂದಣಿ ಇಲ್ಲದವರ ಮೇಲೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್ಲಿನಲ್ಲೂ ಹಾಕಬಹುದು.

ಸಾಲ ತೀರಿದ ಮೇಲೂ ಸಿಬಿಲ್ ವರದಿಯಲ್ಲಿ ನನ್ನ ಹೆಸರಿನ ಮುಂದೆ ಬಾಕಿ ತೋರಿಸುತ್ತಿತ್ತು. ವರ್ಷಕ್ಕೊಂದು ಪೂರ್ತಿ ವರದಿ ಉಚಿತ, ಅದನ್ನು ತೆಗೆದು ನೋಡಿದ್ದಕ್ಕೆ ಗೊತ್ತಾಯಿತು. ನೋ ಡ್ಯೂ ಪತ್ರ ಹಚ್ಚಿ ತಕರಾರು ಹಾಕಿದೆ. ದೂರು ಕೊಟ್ಟ 30 ದಿನದಲ್ಲಿ ಸರಿ ಮಾಡದಿದ್ದರೆ ಅಲ್ಲಿಂದ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುವ ನಿಯಮವನ್ನೂ ಅದರಲ್ಲಿ ಬರೆದೆ. ಗಡುವಿನೊಳಗೇ ಬಾಕಿ ಸೊನ್ನೆಯಾಯಿತು. ಕಂತು ತಡವಾದ ತಿಂಗಳುಗಳ ಗುರುತು ಇನ್ನೂ ಹಾಗೇ ಇದೆ. ಅದು ನಿಜವೇ ಆದ್ದರಿಂದ ಅದಕ್ಕೆ ತಕರಾರು ಹಾಕಲಿಲ್ಲ.